ಸಂಬಳ ನಿಂತ ಮನೆಯ ಆರೋಗ್ಯ

ವಿಯೆನ್ನಾ ನಗರದ ಆಗ್ನೇಯಕ್ಕಿರುವ ಮರಿಯೆನ್‌ತಾಲ್, ಒಂದೇ ಒಂದು ಗಿರಣಿಯನ್ನು ನಂಬಿ ಬದುಕಿದ್ದ ಊರು. 1929ರಲ್ಲಿ ಶುರುವಾದ ಜಾಗತಿಕ ಆರ್ಥಿಕ ಕುಸಿತದ ಹೊಡೆತಕ್ಕೆ ಆ ಬಟ್ಟೆ ಗಿರಣಿ ಒಂದೊಂದೇ ವಿಭಾಗ ಮುಚ್ಚುತ್ತಾ ಹೋಗಿ, 1930ರ ಹೊತ್ತಿಗೆ ಪೂರ್ತಿ ನಿಂತುಹೋಯಿತು. ಊರಿನಲ್ಲಿದ್ದದ್ದು 478 ಕುಟುಂಬ, ಸುಮಾರು ಒಂದೂವರೆ ಸಾವಿರ ಜನ. ನಾಲ್ಕರಲ್ಲಿ ಮೂರು ಮನೆಗಳಲ್ಲಿ ಸಂಬಳ ತರುವವರು ಒಬ್ಬರೂ ಉಳಿಯಲಿಲ್ಲ. ಎರಡು ವಾರಕ್ಕೊಮ್ಮೆ ಸಿಗುತ್ತಿದ್ದ ನಿರುದ್ಯೋಗ ಭತ್ಯೆಯೇ ಆ ಮನೆಗಳ ಆದಾಯವಾಯಿತು.

1931ರ ಕೊನೆಯಲ್ಲಿ ಅಲ್ಲಿಗೆ ಬಂದ ಸಂಶೋಧಕರ ತಂಡದಲ್ಲಿ ಮರಿ ಯಹೋದಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಇದ್ದರು. ಅವರು ಮಾಡಿದ ಹಲವು ಕೆಲಸಗಳಲ್ಲಿ ಒಂದು ತೀರಾ ಸರಳವಾದದ್ದು: ಶಾಲೆಗೆ ಮಕ್ಕಳು ತರುತ್ತಿದ್ದ ತಿಂಡಿಯ ಪೊಟ್ಟಣವನ್ನು ಬಿಚ್ಚಿ ನೋಡುವುದು. ಭತ್ಯೆ ಕೈಸೇರುವ ಹಿಂದಿನ ದಿನ ಅರ್ಧದಷ್ಟು ಮಕ್ಕಳು ಏನೂ ತಂದಿರಲಿಲ್ಲ, ತಂದಿದ್ದರೂ ಬರೀ ಒಣ ಬ್ರೆಡ್ಡು. ಭತ್ಯೆ ಬಂದ ಮರುದಿನ ಅದೇ ಮಕ್ಕಳಲ್ಲಿ ಬಹುತೇಕ ಎಲ್ಲರ ಪೊಟ್ಟಣದಲ್ಲೂ ಹೊಟ್ಟೆಗೆ ಸಾಕಾಗುವಷ್ಟು ತಿಂಡಿಯಿತ್ತು. ಅಪ್ಪ ಅಮ್ಮಂದಿರು ಅವರೇ, ಊರು ಅದೇ, ಕೆಲಸ ಎರಡೂ ದಿನ ಇರಲಿಲ್ಲ. ನಡುವೆ ಆದ ವ್ಯತ್ಯಾಸ ಒಂದೇ: ಮನೆಗೆ ಹಣ ಬಂದಿತ್ತು.

ನಿರುದ್ಯೋಗ ಭತ್ಯೆಯ ಬಗ್ಗೆ ನಮ್ಮಲ್ಲಿ ಮಾತು ಬಂದಾಗಲೆಲ್ಲ ಅದು ಸೋಮಾರಿತನ, ಬಿಟ್ಟಿ ಭಾಗ್ಯ, ಬೊಕ್ಕಸದ ಹೊರೆ ಎಂಬಲ್ಲಿಗೇ ಹೋಗಿ ನಿಲ್ಲುತ್ತದೆ. ಆ ಹಣ ಒಂದು ಮನೆಯ ಅನ್ನ, ಔಷಧಿ, ನಿದ್ದೆ ಮತ್ತು ಆಯಸ್ಸಿನ ಮೇಲೆ ಏನು ಮಾಡುತ್ತದೆ ಎಂಬ ಪ್ರಶ್ನೆ ಏಳುವುದೇ ಅಪರೂಪ. ತೊಂಬತ್ತು ವರ್ಷಗಳ ಅಧ್ಯಯನಗಳು ಈ ಪ್ರಶ್ನೆಗೆ ಸಾಕಷ್ಟು ಸ್ಪಷ್ಟ ಉತ್ತರ ಕೊಟ್ಟಿವೆ. ಕೆಲಸ ಹೋದವರಿಗೆ ಕೊಡುವ ಹಣ ಬಡತನವನ್ನು ತಡೆಯುವಷ್ಟೇ ನೇರವಾಗಿ ಕಾಯಿಲೆಯನ್ನೂ ತಡೆಯುತ್ತದೆ. ಆದರೆ ಅದು ಸಾಕಷ್ಟಿರಬೇಕು, ಸಮಯಕ್ಕೆ ಬರಬೇಕು, ಪಡೆಯುವವರನ್ನು ಕುಗ್ಗಿಸದಂತೆ ಬರಬೇಕು.

ಐದು ಷಿಲಿಂಗಿನ ಅಂತರ

ಮರಿಯೆನ್‌ತಾಲ್‌ನ ಅಧ್ಯಯನ 1933ರಲ್ಲಿ ಪುಸ್ತಕವಾಗಿ ಬಂತು. ಅದರ ಬಹು ಮುಖ್ಯವಾದ ಲೆಕ್ಕ ಒಂದೇ ಸಾಲಿನಲ್ಲಿ ಹೇಳುವಂಥದ್ದು. ಸಂಶೋಧಕರು ಕುಟುಂಬಗಳನ್ನು ಅವುಗಳ ಮನಃಸ್ಥಿತಿಗೆ ಅನುಸಾರವಾಗಿ ನಾಲ್ಕು ಗುಂಪು ಮಾಡಿದರು: ಧೃತಿಗೆಡದವರು, ಬಂದದ್ದು ಬರಲಿ ಎಂದು ಒಪ್ಪಿಕೊಂಡವರು, ಹತಾಶರಾದವರು, ಯಾವುದೂ ಬೇಡವಾಗಿ ಕೈಚೆಲ್ಲಿದವರು. ಆಮೇಲೆ ತಲಾ ತಿಂಗಳ ಆದಾಯ ನೋಡಿದರು. ಮೊದಲ ಗುಂಪಿಗೆ ಸರಾಸರಿ 34 ಷಿಲಿಂಗ್, ಎರಡನೆಯದಕ್ಕೆ 30, ಮೂರನೆಯದಕ್ಕೆ 25, ಕೊನೆಯದಕ್ಕೆ 19. ಆದಾಯದ ಮೆಟ್ಟಿಲು ಇಳಿದಂತೆಲ್ಲ ಮನಸ್ಸೂ ಇಳಿದಿತ್ತು.

ನಾಲ್ಕೈದು ಷಿಲಿಂಗ್ ದೊಡ್ಡ ಮೊತ್ತವೇನಲ್ಲ. ಆದರೆ ಆ ಊರಿನಲ್ಲಿ ಅಷ್ಟರಲ್ಲೇ ಅಡುಗೆಗೆ ಸಕ್ಕರೆ ಬಳಸುವುದೋ ಸ್ಯಾಕರಿನ್ ಬಳಸುವುದೋ, ಮಗುವಿನ ಹರಿದ ಬೂಟನ್ನು ರಿಪೇರಿಗೆ ಕೊಟ್ಟು ಶಾಲೆಗೆ ಕಳಿಸುವುದೋ ಬೂಟಿಲ್ಲವೆಂದು ಮನೆಯಲ್ಲೇ ಕೂರಿಸುವುದೋ ಎಂಬುದು ತೀರ್ಮಾನವಾಗುತ್ತಿತ್ತು. ಭತ್ಯೆಗೆ ಅವಧಿಯೂ ಇತ್ತು. ಮೊದಲ ಕೆಲವು ತಿಂಗಳು ಪೂರ್ತಿ ಭತ್ಯೆ, ಆಮೇಲೆ ಕಡಿಮೆಯಾದ ತುರ್ತು ನೆರವು, ಅದಾದ ಮೇಲೆ ಏನೂ ಇಲ್ಲ. ಹಾಗಾಗಿ ಇವತ್ತು ಧೃತಿಗೆಡದ ಮನೆ ಇನ್ನಾರು ತಿಂಗಳಿಗೆ ಯಾವ ಗುಂಪಿಗೆ ಜಾರುತ್ತದೆ ಎಂಬುದನ್ನು ಭತ್ಯೆಯ ವೇಳಾಪಟ್ಟಿ ನೋಡಿಯೇ ಊಹಿಸಬಹುದಿತ್ತು.

ಅದೇ ಊರು ಇನ್ನೊಂದು ಸತ್ಯವನ್ನೂ ತೋರಿಸಿತು. ಕೆಲಸವಿಲ್ಲದವರಿಗೆ ಬಿಡುವು ಬೇಕಾದಷ್ಟಿತ್ತು. ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಶುಲ್ಕವನ್ನೂ ತೆಗೆದುಹಾಕಿದ್ದರು. ಆದರೂ ಎರಡೇ ವರ್ಷದಲ್ಲಿ ಎರವಲು ಪಡೆಯುವ ಪುಸ್ತಕಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಗಂಡಸರ ನಡಿಗೆ ನಿಧಾನವಾಯಿತು. ಬೀದಿಯಲ್ಲಿ ನಾಲ್ಕು ಹೆಜ್ಜೆ ಇಟ್ಟು ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ ಇಡುವುದು. ಹೆಂಗಸರು ಮಾತ್ರ ಮನೆಗೆಲಸದ ಒತ್ತಡದಲ್ಲಿ ಚುರುಕಾಗಿಯೇ ನಡೆಯುತ್ತಿದ್ದರು. ದುಡಿಮೆಯೆಂದರೆ ಸಂಬಳ ಮಾತ್ರವಲ್ಲ, ದಿನಕ್ಕೊಂದು ಕ್ರಮ, ನಾಲ್ಕು ಜನರ ಒಡನಾಟ, ನನ್ನಿಂದಲೂ ಏನೋ ಆಗುತ್ತದೆ ಎಂಬ ಭಾವ ಇವೆಲ್ಲ ಅದರಲ್ಲಿವೆ ಎಂದು ಯಹೋದಾ ಮುಂದೆ ಜೀವನವಿಡೀ ಬರೆದರು. ಭತ್ಯೆ ಇದೆಲ್ಲವನ್ನೂ ಕೊಡಲಾರದು. ಆದರೆ ಭತ್ಯೆಯೂ ಇಲ್ಲದ ಮನೆಯಲ್ಲಿ ಇವುಗಳ ಬಗ್ಗೆ ಯೋಚಿಸುವ ಚೈತನ್ಯವೇ ಉಳಿಯುವುದಿಲ್ಲ.

ಹಣ ದೇಹದೊಳಗೆ ಹೋಗುವ ದಾರಿ

ಕೆಲಸ ಹೋದರೆ ಆಯಸ್ಸು ಕಡಿಮೆಯಾಗುತ್ತದೆ ಎಂಬುದು ಉತ್ಪ್ರೇಕ್ಷೆಯ ಮಾತಲ್ಲ. ಅರ್ಥಶಾಸ್ತ್ರಜ್ಞರಾದ ಡೇನಿಯಲ್ ಸಲ್ಲಿವನ್ ಮತ್ತು ಟಿಲ್ ವಾನ್ ವಾಕ್ಟರ್ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 1970 ಮತ್ತು 80ರ ದಶಕಗಳಲ್ಲಿ ಕಾರ್ಖಾನೆ ಕೆಲಸ ಕಳೆದುಕೊಂಡ ಗಂಡಸರ ದಾಖಲೆಗಳನ್ನು ಹಿಂಬಾಲಿಸಿದರು. ಬಹಳ ವರ್ಷ ದುಡಿದ ಜಾಗದಿಂದ ಒಮ್ಮೆಲೇ ಹೊರಬಿದ್ದವರಲ್ಲಿ ಮೊದಲ ವರ್ಷದ ಸಾವಿನ ಪ್ರಮಾಣ ಶೇ 50ರಿಂದ 100ರಷ್ಟು ಏರಿತ್ತು. ಇಪ್ಪತ್ತು ವರ್ಷ ಕಳೆದ ಮೇಲೂ ಅದು ಶೇ 10ರಿಂದ 15ರಷ್ಟು ಹೆಚ್ಚೇ ಇತ್ತು. ನಲವತ್ತರ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡವನಿಗೆ ಇದು ಒಂದರಿಂದ ಒಂದೂವರೆ ವರ್ಷ ಆಯಸ್ಸಿನ ನಷ್ಟ. 2009ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಗುರುತಿಸಿದ ಮುಖ್ಯ ಕಾರಣ ಆದಾಯದ ಕುಸಿತ ಮತ್ತು ಅದರ ಅನಿಶ್ಚಿತತೆ.

ಇದು ಹೇಗಾಗುತ್ತದೆ? ಮೊದಲ ದಾರಿ ಅಡುಗೆಮನೆಯದು. ಸಂಬಳ ನಿಂತ ಮೊದಲ ತಿಂಗಳಲ್ಲಿ ಬಾಡಿಗೆ, ಸಾಲದ ಕಂತು, ಶಾಲೆಯ ಫೀಸು ಇವು ಯಾವುವೂ ನಿಲ್ಲುವುದಿಲ್ಲ. ಕಡಿತವಾಗುವುದು ಹಾಲು, ಮೊಟ್ಟೆ, ಬೇಳೆ, ತರಕಾರಿ. ಪಡಿತರದ ಅಕ್ಕಿ ಇರುವುದರಿಂದ ನಮ್ಮಲ್ಲಿ ಹೊಟ್ಟೆ ಹೇಗೋ ತುಂಬುತ್ತದೆ, ಆದರೆ ತಟ್ಟೆಯಲ್ಲಿ ಅನ್ನದ ಗುಡ್ಡೆ ಹೆಚ್ಚಾಗಿ ಸಾರು ತೆಳ್ಳಗಾಗುತ್ತಾ ಹೋಗುತ್ತದೆ. ಕೊನೆಗೆ ಉಣ್ಣುವ ಅಮ್ಮನ ಪಾಲಿಗೆ ಆ ಸಾರೂ ಇರುವುದಿಲ್ಲ.

ಎರಡನೆಯದು ಔಷಧಿಯ ದಾರಿ. ಯಾವುದೇ ಬಡಾವಣೆಯ ಮೆಡಿಕಲ್ ಶಾಪಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಗೊತ್ತಾಗುತ್ತದೆ. ಬಿಪಿ ಮಾತ್ರೆಯ ಪೂರ್ತಿ ಪಟ್ಟಿಯ ಬದಲು ನಾಲ್ಕು ಮಾತ್ರೆ ಕತ್ತರಿಸಿ ಕೊಡಿ ಎನ್ನುವವರು, ದಿನಕ್ಕೆರಡು ನುಂಗಬೇಕಾದ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಒಂದಕ್ಕೆ ಇಳಿಸಿಕೊಂಡವರು. ಬಿಪಿ, ಶುಗರ್ ಇವು ನೋವು ಕೊಡದ ಕಾಯಿಲೆಗಳು. ಮಾತ್ರೆ ಬಿಟ್ಟ ವಾರ ಏನೂ ಆಗುವುದಿಲ್ಲ. ಆಗುವುದು ಕೆಲವು ತಿಂಗಳ ಮೇಲೆ, ಪಾರ್ಶ್ವವಾಯುವಾಗಿ ಅಥವಾ ಮೂತ್ರಪಿಂಡದ ತೊಂದರೆಯಾಗಿ. ಆಗ ಆಸ್ಪತ್ರೆಯ ಬಿಲ್ಲು ಬಿಟ್ಟ ಮಾತ್ರೆಯ ಬೆಲೆಗಿಂತ ನೂರಾರು ಪಟ್ಟು.

ಮೂರನೆಯ ದಾರಿ ತಲೆಯೊಳಗಿನದು. ಸಾಲಗಾರ ನಾಳೆ ಬಾಗಿಲಿಗೆ ಬರುತ್ತಾನೆ ಎಂಬ ಚಿಂತೆ ರಾತ್ರಿಯ ನಿದ್ದೆಯನ್ನು ಕದಿಯುತ್ತದೆ. ಒತ್ತಡದ ಹಾರ್ಮೋನುಗಳು ತಿಂಗಳುಗಟ್ಟಲೆ ಏರಿಯೇ ಇದ್ದರೆ ರಕ್ತದೊತ್ತಡ ಏರುತ್ತದೆ, ಸಕ್ಕರೆ ಏರುತ್ತದೆ. ಆ ಚಿಂತೆ ಯೋಚಿಸುವ ಶಕ್ತಿಯನ್ನೂ ತಿನ್ನುತ್ತದೆ. ನಮ್ಮ ಪಕ್ಕದ ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕೊಯ್ಲಿಗೆ ಮೊದಲು ಮತ್ತು ಕೊಯ್ಲಿನ ನಂತರ ಪರೀಕ್ಷಿಸಿದ ಅಧ್ಯಯನ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಸೆಂಧಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು ಕಂಡದ್ದು ಇದು: ಅದೇ ರೈತ, ಕೈ ಬರಿದಾಗಿದ್ದಾಗ ಬುದ್ಧಿಯ ಪರೀಕ್ಷೆಯಲ್ಲಿ ಹಿಂದೆ ಬಿದ್ದ, ಕೈಗೆ ದುಡ್ಡು ಬಂದ ಮೇಲೆ ಸುಧಾರಿಸಿದ. ಹೊಸ ಕೆಲಸ ಹುಡುಕಲು, ಸಂದರ್ಶನದಲ್ಲಿ ತಡವರಿಸದೆ ಮಾತಾಡಲು, ಒಳ್ಳೆಯ ಕೆಲಸ ಯಾವುದು ಮೋಸದ್ದು ಯಾವುದು ಎಂದು ಅಳೆಯಲು ಬೇಕಾದ ತಲೆಯೇ ಚಿಂತೆಯಲ್ಲಿ ಮುಳುಗಿರುತ್ತದೆ. ಭತ್ಯೆ ಈ ಮೂರೂ ದಾರಿಗಳಿಗೆ ಒಟ್ಟಿಗೆ ಅಡ್ಡ ನಿಲ್ಲುತ್ತದೆ.

ಅಮೆರಿಕದಲ್ಲಿ ನಡೆದ ದೊಡ್ಡ ಪರೀಕ್ಷೆ

2020ರ ಏಪ್ರಿಲ್‌ನಲ್ಲಿ ಅಮೆರಿಕದ ನಿರುದ್ಯೋಗ ಪ್ರಮಾಣ ಶೇ 14 ದಾಟಿತು. ಮಹಾಕುಸಿತದ ನಂತರ ಆ ದೇಶ ಅಂಥ ಸಂಖ್ಯೆ ಕಂಡಿರಲಿಲ್ಲ. ಮಾರ್ಚ್ ಕೊನೆಯಲ್ಲೇ ಅಲ್ಲಿನ ಸಂಸತ್ತು ಪ್ರತಿಯೊಬ್ಬ ನಿರುದ್ಯೋಗಿಯ ಮಾಮೂಲು ಭತ್ಯೆಯ ಮೇಲೆ ವಾರಕ್ಕೆ 600 ಡಾಲರ್ ಸೇರಿಸಿ ಕೊಡುವ ಕಾನೂನು ಮಾಡಿತ್ತು. ಮೊದಲು ಭತ್ಯೆಗೆ ಅರ್ಹರಲ್ಲದ ಟ್ಯಾಕ್ಸಿ ಚಾಲಕರು, ಸ್ವಂತ ದುಡಿಮೆಯವರು, ಗಿಗ್ ಕಾರ್ಮಿಕರನ್ನೂ ಒಳಗೆ ತಂದಿತ್ತು.

ಫಲಿತಾಂಶ ಅಂಕಿಗಳಲ್ಲೇ ಇದೆ. ಆ ದೇಶದ ಹಳೆಯ ಅಧಿಕೃತ ಲೆಕ್ಕದಲ್ಲಿ ಬಡತನ 2019ರ ಶೇ 10.5ರಿಂದ 2020ರಲ್ಲಿ ಶೇ 11.4ಕ್ಕೆ ಏರಿತು. ಆದರೆ ತೆರಿಗೆ ಮತ್ತು ಸರ್ಕಾರದ ಎಲ್ಲ ನೆರವನ್ನೂ ಸೇರಿಸಿ ನೋಡುವ ಪೂರಕ ಲೆಕ್ಕದಲ್ಲಿ ಅದೇ ವರ್ಷ ಬಡತನ ಶೇ 11.8ರಿಂದ ಶೇ 9.1ಕ್ಕೆ ಇಳಿಯಿತು. ಕೋಟ್ಯಂತರ ಜನ ಕೆಲಸ ಕಳೆದುಕೊಂಡ ವರ್ಷದಲ್ಲೇ ಬಡತನ ಕಡಿಮೆಯಾಯಿತು. ಎಲ್ಲರಿಗೂ ಹಂಚಿದ ಪರಿಹಾರದ ಚೆಕ್‌ಗಳ ಪಾಲು ಇದರಲ್ಲಿ ದೊಡ್ಡದು. ನಿರುದ್ಯೋಗ ವಿಮೆಯೊಂದೇ ಸುಮಾರು 55 ಲಕ್ಷ ಜನರನ್ನು ಬಡತನದ ರೇಖೆಯಿಂದ ಮೇಲೆ ಉಳಿಸಿತು ಎಂದು ಅಲ್ಲಿನ ಜನಗಣತಿ ಇಲಾಖೆ ಅಂದಾಜು ಮಾಡಿದೆ.

ಕೆಲಸ ಕಳೆದುಕೊಂಡವರಲ್ಲಿ ಭತ್ಯೆ ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿದ ಅಧ್ಯಯನವೊಂದು 2021ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಭತ್ಯೆ ಸಿಕ್ಕವರಲ್ಲಿ ಆಹಾರದ ಅಭದ್ರತೆ ಮೂರನೇ ಒಂದರಷ್ಟು ಕಡಿಮೆಯಿತ್ತು. ದುಡ್ಡಿಲ್ಲವೆಂದು ಊಟ ಕಡಿಮೆ ಮಾಡುವುದು ಸುಮಾರು ಅರ್ಧಕ್ಕೆ ಇಳಿದಿತ್ತು. ಅಮೆರಿಕದ ರಾಜ್ಯಗಳ ನಲವತ್ತು ವರ್ಷಗಳ ದಾಖಲೆ ನೋಡಿದ ಮತ್ತೊಂದು ಅಧ್ಯಯನ, ಭತ್ಯೆ ಧಾರಾಳವಾಗಿರುವ ರಾಜ್ಯಗಳಲ್ಲಿ ನಿರುದ್ಯೋಗ ಏರಿದಾಗಲೂ ಆತ್ಮಹತ್ಯೆ ಅಷ್ಟಾಗಿ ಏರಲಿಲ್ಲ ಎಂದು ತೋರಿಸಿದೆ.

ಕೂತು ಉಣ್ಣುವವರ ಕಥೆ

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆ ನಮ್ಮದು. ಭತ್ಯೆ ಕೊಟ್ಟರೆ ಜನ ಕೆಲಸ ಹುಡುಕುವುದನ್ನೇ ಬಿಡುತ್ತಾರೆ ಎಂಬ ಆತಂಕವನ್ನು ತಳ್ಳಿಹಾಕಬಾರದು, ಉತ್ತರಿಸಬೇಕು.

ಭತ್ಯೆ ಇರುವವರು ಕೆಲಸ ಹುಡುಕಲು ಸ್ವಲ್ಪ ಹೆಚ್ಚು ಕಾಲ ತೆಗೆದುಕೊಳ್ಳುತ್ತಾರೆ ಎಂಬುದು ನಿಜ. ಆದರೆ ಏಕೆ? ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ 2008ರಲ್ಲಿ ತೋರಿಸಿದಂತೆ ಆ ವಿಳಂಬದ ಹೆಚ್ಚಿನ ಪಾಲಿಗೆ ಕಾರಣ ಬೇರೆ: ಕೈಯಲ್ಲಿ ಉಳಿತಾಯ ಇಲ್ಲದವರಿಗೆ ಭತ್ಯೆ ಸಿಕ್ಕಾಗ, ಸಿಕ್ಕ ಮೊದಲ ಕೆಲಸಕ್ಕೆ ಬೀಳುವ ಅನಿವಾರ್ಯತೆ ಅವರಿಗೆ ತಪ್ಪುತ್ತದೆ. ಉಳಿತಾಯ ಇರುವ ಸ್ಥಿತಿವಂತ ಮಾಡುವುದನ್ನೇ ಅವರೂ ಮಾಡುತ್ತಾರೆ. ತಮ್ಮ ಕೌಶಲಕ್ಕೆ ತಕ್ಕ ಕೆಲಸ ಸಿಗುವ ತನಕ ಕಾಯುತ್ತಾರೆ. ನುರಿತ ಟರ್ನರ್ ಒಬ್ಬ ಸೆಕ್ಯೂರಿಟಿ ಗಾರ್ಡ್ ಆಗಿ ಸೇರದೆ ಇನ್ನೆರಡು ತಿಂಗಳು ಕಾದು ಟರ್ನರ್ ಆಗಿಯೇ ಸೇರಿದರೆ ಅದು ಅವನಿಗೂ ದೇಶಕ್ಕೂ ಲಾಭ.

2021ರ ಬೇಸಿಗೆಯಲ್ಲಿ ಅಮೆರಿಕದ 26 ರಾಜ್ಯಗಳು, ಜನ ಕೆಲಸಕ್ಕೆ ಮರಳಲಿ ಎಂದು ಕೇಂದ್ರದ ಹೆಚ್ಚುವರಿ ಭತ್ಯೆಯನ್ನು ಅವಧಿಗೆ ಮೊದಲೇ ನಿಲ್ಲಿಸಿದವು. ಅದರ ಪರಿಣಾಮವನ್ನು ಬ್ಯಾಂಕ್ ಖಾತೆಗಳ ಮೂಲಕ ಅಳೆದಾಗ ಸಿಕ್ಕ ಲೆಕ್ಕ ಹೀಗಿತ್ತು: ಆಗಸ್ಟ್ ಮೊದಲ ವಾರದ ಹೊತ್ತಿಗೆ, ಭತ್ಯೆ ಪಡೆಯುತ್ತಿದ್ದ ಒಬ್ಬರಿಗೆ ವಾರಕ್ಕೆ ಸರಾಸರಿ 278 ಡಾಲರ್ ಖೋತಾ ಆಯಿತು, ಗಳಿಕೆ ಹೆಚ್ಚಿದ್ದು ಬರೀ 14 ಡಾಲರ್, ಮನೆಯ ಖರ್ಚು ಕುಸಿದದ್ದು 145 ಡಾಲರ್. ಅಂದರೆ ಭತ್ಯೆ ಕಿತ್ತುಕೊಂಡರೆ ಜನ ಓಡಿಹೋಗಿ ಕೆಲಸಕ್ಕೆ ಸೇರುತ್ತಾರೆ ಎಂಬ ಲೆಕ್ಕಾಚಾರ ಹುಸಿಯಾಯಿತು. ಅವರು ಕಡಿಮೆ ಖರ್ಚಿನಲ್ಲಿ ದಿನ ದೂಡಿದರು, ಅಷ್ಟೆ.

ಫಿನ್ಲೆಂಡ್ 2017 ಮತ್ತು 2018ರಲ್ಲಿ ಎರಡು ಸಾವಿರ ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೊಗಳನ್ನು ಯಾವ ಷರತ್ತೂ ಇಲ್ಲದೆ ಕೊಟ್ಟು ನೋಡಿತು. ಕೆಲಸ ಸಿಕ್ಕರೂ ಆ ಹಣ ನಿಲ್ಲುತ್ತಿರಲಿಲ್ಲ. ಅವರು ಸೋಮಾರಿಗಳಾಗಲಿಲ್ಲ, ಬೇರೆ ನಿರುದ್ಯೋಗಿಗಳಿಗಿಂತ ವರ್ಷಕ್ಕೆ ಸುಮಾರು ಆರು ದಿನ ಹೆಚ್ಚೇ ದುಡಿದರು. ಮಾನಸಿಕ ಒತ್ತಡ, ಖಿನ್ನತೆ, ಒಂಟಿತನ ಅವರಲ್ಲಿ ಕಡಿಮೆಯಿತ್ತು.

ಕೊಡುವ ರೀತಿಯೇ ಕಾಯಿಲೆಯಾದಾಗ

ಭತ್ಯೆ ಇದ್ದರೆ ಸಾಲದು, ಅದನ್ನು ಕೊಡುವ ಕ್ರಮವೂ ಆರೋಗ್ಯವನ್ನು ನಿರ್ಧರಿಸುತ್ತದೆ. ಮರಿಯೆನ್‌ತಾಲ್‌ನಲ್ಲಿ ಒಬ್ಬಾತ ಹಾರ್ಮೋನಿಕಾ ನುಡಿಸಿ ನಾಲ್ಕು ಕಾಸು ಪಡೆದನೆಂದು ಯಾರೋ ದೂರು ಕೊಟ್ಟರು. ಅವನ ಭತ್ಯೆ ನಿಂತಿತು. ಮರ ಕಡಿಯಲು ಕೈಜೋಡಿಸಿ ಸೌದೆ ಪಡೆದವನಿಗೂ, ಮನೆ ಮನೆಗೆ ಹಾಲು ಹಾಕಿ ತನ್ನ ಮಕ್ಕಳಿಗೆ ಒಂದಿಷ್ಟು ಹಾಲು ಪಡೆದ ಹೆಂಗಸಿಗೂ ಅದೇ ಗತಿಯಾಯಿತು. ನೆರೆಯವರೇ ನೆರೆಯವರ ಮೇಲೆ ಕಣ್ಣಿಡುವಂತಾಯಿತು.

ಬ್ರಿಟನ್ ನಿರುದ್ಯೋಗ ವಿಮೆಯನ್ನು ದೇಶಮಟ್ಟದಲ್ಲಿ ಕಡ್ಡಾಯವಾಗಿ ಜಾರಿಗೆ ತಂದ ಮೊದಲ ದೇಶ. 1911ರ ಅದರ ಕಾಯ್ದೆ ಆಯ್ದ ಉದ್ಯಮಗಳ ಕಾರ್ಮಿಕರಿಗೆ ವಾರಕ್ಕೆ ಏಳು ಷಿಲಿಂಗ್‌ನಂತೆ ವರ್ಷಕ್ಕೆ ಹದಿನೈದು ವಾರಗಳವರೆಗೆ ಭತ್ಯೆ ಕೊಟ್ಟಿತು. ನೂರು ವರ್ಷಗಳ ನಂತರ ಅದೇ ದೇಶ ಹಲವು ಭತ್ಯೆಗಳನ್ನು ಒಗ್ಗೂಡಿಸಿ ‘ಯೂನಿವರ್ಸಲ್ ಕ್ರೆಡಿಟ್’ ಎಂಬ ಹೊಸ ವ್ಯವಸ್ಥೆ ತಂದಿತು. ಅರ್ಜಿ ಹಾಕಿದ ಮೇಲೆ ಮೊದಲ ಹಣಕ್ಕೆ ಐದು ವಾರ ಕಾಯಬೇಕು. ಕೆಲಸ ಹುಡುಕಿದ ಪುರಾವೆಯನ್ನು ತಪ್ಪದೆ ಒಪ್ಪಿಸುತ್ತಿರಬೇಕು, ಭೇಟಿಗೆ ಹೋಗದಿದ್ದರೆ ಹಣ ಕಡಿತ. ಈ ವ್ಯವಸ್ಥೆ ಬಂದ ಪ್ರದೇಶಗಳಲ್ಲಿ ನಿರುದ್ಯೋಗಿಗಳ ಮಾನಸಿಕ ಯಾತನೆ ಸುಮಾರು ಆರೂವರೆ ಶೇಕಡಾ ಅಂಶಗಳಷ್ಟು ಏರಿತೆಂದು ‘ಲ್ಯಾನ್ಸೆಟ್’ ಸಮೂಹದ ಸಾರ್ವಜನಿಕ ಆರೋಗ್ಯ ಪತ್ರಿಕೆ 2020ರಲ್ಲಿ ವರದಿ ಮಾಡಿತು. ನೆರವೆಂದು ಬಂದದ್ದೇ ನಿದ್ದೆ ಕೆಡಿಸಿತು.

ಡೆನ್ಮಾರ್ಕ್‌ನ ದಾರಿ ಬೇರೆ. ಅಲ್ಲಿ ಮಾಲೀಕರು ಕಾರ್ಮಿಕರನ್ನು ಕೆಲಸದಿಂದ ತೆಗೆಯುವುದು ಸುಲಭ. ಆದರೆ ನಿರುದ್ಯೋಗ ವಿಮಾ ನಿಧಿಯ ಸದಸ್ಯರಾದವರಿಗೆ ಹಿಂದಿನ ಗಳಿಕೆಯ ಶೇ 90ರವರೆಗೆ, ಒಂದು ಗರಿಷ್ಠ ಮಿತಿಯೊಳಗೆ, ಎರಡು ವರ್ಷದ ತನಕ ಭತ್ಯೆ ಸಿಗುತ್ತದೆ. ಜೊತೆಗೆ ತರಬೇತಿ ಮತ್ತು ಕೆಲಸ ಹುಡುಕಲು ಸಲಹೆ. ಅಲ್ಲಿ ಕೆಲಸ ಹೋಗುವುದೆಂದರೆ ಬದುಕು ಮುರಿಯುವುದು ಎಂದಾಗಿಲ್ಲ.

ಮುಪ್ಪಿನ ಬುತ್ತಿಯೇ ಇಂದಿನ ಭತ್ಯೆ

ಜಗತ್ತಿನ ನಿರುದ್ಯೋಗಿಗಳಲ್ಲಿ ಐವರಿಗೆ ಒಬ್ಬರಂತೆಯೂ ಭತ್ಯೆ ಸಿಗುತ್ತಿಲ್ಲ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ವರದಿಗಳು ಹೇಳುತ್ತವೆ. ಭಾರತದ ಬಹುಪಾಲು ದುಡಿಯುವವರು ಆ ಸಿಗದವರ ಸಾಲಿನಲ್ಲಿದ್ದಾರೆ. ಹಾಗಾದರೆ ಇಲ್ಲಿ ಕೆಲಸ ಹೋದವರು ಏನು ಮಾಡುತ್ತಾರೆ? ಉತ್ತರ ಬೇಕಾದರೆ 2016ರ ಏಪ್ರಿಲ್ 18 ಮತ್ತು 19ರ ಬೆಂಗಳೂರನ್ನು ನೆನೆಯಬೇಕು.

ಪಿಎಫ್‌ನಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ವರ್ಷ ನಿಯಮ ಮಾಡಿತ್ತು. ಯಾವ ದೊಡ್ಡ ಪಕ್ಷವಾಗಲಿ ನಾಯಕರಾಗಲಿ ಕರೆ ಕೊಡದೆಯೇ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು, ಕಾರ್ಖಾನೆಗಳಿಂದ ಹೊರಬಂದು ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ತುಂಬಿದರು. ನಗರ ಎರಡು ದಿನ ಸ್ತಬ್ಧವಾಯಿತು. ಏಪ್ರಿಲ್ 19ರಂದೇ ಕೇಂದ್ರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು.

ಆ ಹೆಣ್ಣುಮಕ್ಕಳ ಸಿಟ್ಟಿನ ಹಿಂದೆ ಸರಳ ಲೆಕ್ಕವಿತ್ತು. ಆರ್ಡರ್ ಕಡಿಮೆಯಾದರೆ ಲೈನ್ ಮುಚ್ಚುತ್ತದೆ. ಬಸುರಿ ಬಾಣಂತನ, ಮಗುವಿನ ಕಾಯಿಲೆ ಎಂದು ಕೆಲಸ ಬಿಡಬೇಕಾಗುತ್ತದೆ. ಆಗ ಬಾಡಿಗೆ ಕಟ್ಟಿಸಿದ್ದು, ಆಸ್ಪತ್ರೆಗೆ ಸೇರಿಸಿದ್ದು, ಮುಂದಿನ ಕೆಲಸದ ತನಕ ಒಲೆ ಉರಿಸಿದ್ದು ಪಿಎಫ್ ದುಡ್ಡೇ. ಹೆಸರಿಗೆ ಅದು ವೃದ್ಧಾಪ್ಯದ ಉಳಿತಾಯ, ಅವರ ಬದುಕಿನಲ್ಲಿ ಅದು ನಿರುದ್ಯೋಗ ಭತ್ಯೆ. 2025ರ ಅಕ್ಟೋಬರ್‌ನಲ್ಲಿ ಭವಿಷ್ಯ ನಿಧಿಯ ಆಡಳಿತ ಮಂಡಳಿ, ಕೆಲಸ ಹೋದ ಕೂಡಲೇ ಶೇ 75ರಷ್ಟನ್ನು ತೆಗೆಯಬಹುದು, ಪೂರ್ತಿ ಹಣಕ್ಕೆ ಎರಡು ತಿಂಗಳ ಬದಲು ಹನ್ನೆರಡು ತಿಂಗಳು ಕಾಯಬೇಕು ಎಂದು ತೀರ್ಮಾನಿಸಿದಾಗ ಮತ್ತೆ ಅದೇ ಚರ್ಚೆ ಎದ್ದಿತು. ಮುಪ್ಪಿಗೆ ಹಣ ಉಳಿಯಲಿ ಎಂಬ ವಾದ ಸರಿಯೇ. ಆದರೆ ಇಂದಿನ ಹಸಿವಿಗೆ ಬೇರೆ ವ್ಯವಸ್ಥೆ ಇಲ್ಲದಿರುವಾಗ, ಮುಪ್ಪಿನ ಬುತ್ತಿಯನ್ನು ಇಂದೇ ಬಿಚ್ಚುವುದನ್ನು ತಪ್ಪೆನ್ನಲು ಯಾರಿಗೂ ಬಾಯಿಲ್ಲ.

ಪಿಎಫ್ ಕೂಡ ಇಲ್ಲದವರದ್ದು ಇನ್ನೂ ಕಡಿದಾದ ಇಳಿಜಾರು. ಮೊದಲು ಚಿನ್ನ ಗಿರವಿಗೆ ಹೋಗುತ್ತದೆ, ಆಮೇಲೆ ಸಂಘದ ಸಾಲ, ಅದರ ಕಂತಿಗೆ ಮೈಕ್ರೋಫೈನಾನ್ಸ್ ಸಾಲ, ಅದರ ಕಂತಿಗೆ ಮೀಟರ್ ಬಡ್ಡಿ. 2025ರ ಆರಂಭದಲ್ಲಿ ಕಿರುಸಾಲದ ವಸೂಲಿ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಡತನಕ್ಕೆ ಜಾರುವುದು ಕೆಲಸ ಹೋದ ದಿನವಲ್ಲ, ಈ ಮೆಟ್ಟಿಲುಗಳನ್ನು ಇಳಿಯುತ್ತಾ ಹೋದಾಗ. ಹೊಸ ಕೆಲಸ ಸಿಕ್ಕ ಮೇಲೂ ಸಂಬಳದ ಪಾಲು ಬಡ್ಡಿಗೇ ಹೋಗುತ್ತದೆ. ಮೊದಲ ಮೂರು ತಿಂಗಳು ಅರ್ಧ ಸಂಬಳ ಕೈಗೆ ಬಂದಿದ್ದರೂ ಆ ಮನೆ ಮೊದಲ ಮೆಟ್ಟಿಲಲ್ಲೇ ನಿಲ್ಲಬಹುದಿತ್ತು.

ಕಾಗದದ ಮೇಲಿನ ನೆರವುಗಳು

ನಮ್ಮಲ್ಲಿ ಏನೂ ಇಲ್ಲವೆಂದಲ್ಲ, ಇರುವುದು ಚೂರು ಚೂರಾಗಿದೆ. ಬಟ್ಟೆ ಗಿರಣಿಗಳು ಸಾಲು ಸಾಲಾಗಿ ಮುಚ್ಚಿದಾಗ ಕೇಂದ್ರ 1986ರಲ್ಲಿ ಜವಳಿ ಕಾರ್ಮಿಕರ ಪುನರ್ವಸತಿ ನಿಧಿ ಸ್ಥಾಪಿಸಿತು. ಅರ್ಹರಿಗೆ ಮೊದಲ ವರ್ಷ ಸಂಬಳದ ಶೇ 75, ಎರಡನೇ ವರ್ಷ ಶೇ 50, ಮೂರನೇ ವರ್ಷ ಶೇ 25 ಎಂಬುದು ಅದರ ಸೂತ್ರವಾಗಿತ್ತು. ಒಳ್ಳೆಯ ಸೂತ್ರವೇ, ಆದರೆ ಒಂದೇ ಉದ್ಯಮಕ್ಕೆ ಮತ್ತು ಶಾಶ್ವತವಾಗಿ ಮುಚ್ಚಿದ ಗಿರಣಿಗಳಿಗೆ ಸೀಮಿತವಾಗಿತ್ತು. ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿದ್ದ ದಾವಣಗೆರೆಯ ಗಿರಣಿಗಳು ಒಂದೊಂದಾಗಿ ಮೌನವಾದವು. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗೆ ಬೀಗ ಬಿತ್ತು. ಕೆಜಿಎಫ್ ನಮ್ಮ ಮರಿಯೆನ್‌ತಾಲ್. ಅಲ್ಲಿನ ಸಾವಿರಾರು ಜನ ಇಂದಿಗೂ ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಬಂದು, ಕತ್ತಲಾದ ಮೇಲೆ ಮನೆ ಸೇರುತ್ತಾರೆ.

ಗ್ರಾಮೀಣ ಭಾರತಕ್ಕೆ 2005ರ ಉದ್ಯೋಗ ಖಾತ್ರಿ ಕಾಯ್ದೆ ಒಂದು ಹಕ್ಕನ್ನು ಬರೆದುಕೊಟ್ಟಿತ್ತು: ಅರ್ಜಿ ಹಾಕಿ ಹದಿನೈದು ದಿನದೊಳಗೆ ಕೆಲಸ ಸಿಗದಿದ್ದರೆ ಮೊದಲ ಮೂವತ್ತು ದಿನ ಕೂಲಿಯ ಕಾಲುಭಾಗ, ಆಮೇಲೆ ಅರ್ಧಭಾಗಕ್ಕೆ ಕಡಿಮೆಯಿಲ್ಲದ ನಿರುದ್ಯೋಗ ಭತ್ಯೆ. ಆ ಭತ್ಯೆ ಕೈಗೆ ಬಂದವರನ್ನು ಹಳ್ಳಿಗಳಲ್ಲಿ ಹುಡುಕಿಯೇ ನೋಡಬೇಕು. ಅರ್ಜಿಗೆ ದಿನಾಂಕ ಹಾಕಿದ ರಸೀದಿಯನ್ನೇ ಕೊಡದಿದ್ದರೆ ಹದಿನೈದು ದಿನದ ಲೆಕ್ಕ ಶುರುವಾಗುತ್ತಲೇ ಇರಲಿಲ್ಲ.

ಕರ್ನಾಟಕದ ಯುವನಿಧಿ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆಯಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500, ಗರಿಷ್ಠ ಎರಡು ವರ್ಷ. ಓದು ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ಇದು. ಅರ್ಜಿ ಶುಲ್ಕ, ಬಸ್ಸಿನ ಖರ್ಚು, ಕೋಚಿಂಗ್ ಎಂದು ಮನೆಯವರ ಮುಂದೆ ಕೈಚಾಚುವ ಮುಜುಗರವನ್ನು ಇದು ಕಡಿಮೆ ಮಾಡಿದೆ. ಆದರೆ ಇದು ಮೊದಲ ಕೆಲಸ ಸಿಗದವರ ನೆರವು. ಇದ್ದ ಕೆಲಸ ಕಳೆದುಕೊಂಡ ನಲವತ್ತರ ಕಾರ್ಮಿಕನಿಗೆ, ಮನೆ ಬಾಡಿಗೆಯೂ ಮಕ್ಕಳ ಫೀಸೂ ಹೆಗಲ ಮೇಲಿರುವವನಿಗೆ ಇದರಲ್ಲಿ ಜಾಗವಿಲ್ಲ.

ಅವನಿಗೆಂದೇ ಇರುವುದು ಇಎಸ್‌ಐ ನಿಗಮದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ. 2018ರಲ್ಲಿ ಶುರುವಾದಾಗ ಸರಾಸರಿ ದಿನಗೂಲಿಯ ಶೇ 25 ಕೊಡುತ್ತಿತ್ತು. ಕೋವಿಡ್ ಕಾಲದಲ್ಲಿ ಅದನ್ನು ಶೇ 50ಕ್ಕೆ ಏರಿಸಲಾಯಿತು. ತಿಂಗಳಿಗೆ 14,000 ರೂಪಾಯಿ ದುಡಿಯುತ್ತಿದ್ದವರಿಗೆ ಇದು ತಿಂಗಳಿಗೆ 7,000ದಂತೆ ಮೂರು ತಿಂಗಳಿಗೆ 21,000 ರೂಪಾಯಿ. ಮಿತಿಗಳು ದೊಡ್ಡವು: ಗರಿಷ್ಠ 90 ದಿನ, ಅದೂ ಜೀವಮಾನದಲ್ಲಿ ಒಂದೇ ಸಲ, ಅದೂ 21,000 ರೂಪಾಯಿಯೊಳಗಿನ ಸಂಬಳದ ಇಎಸ್‌ಐ ಚಂದಾದಾರರಿಗೆ ಮಾತ್ರ. ಆದರೂ ಇದು ಸಣ್ಣ ಮೊತ್ತವಲ್ಲ. ಗೊತ್ತಿರುವವರೇ ಕಡಿಮೆ ಎಂಬುದು ಇದರ ದುರಂತ.

ಈ ಕೊರತೆಯ ಬೆಲೆ ಅಂಕಿಯಲ್ಲೂ ಕಾಣುತ್ತದೆ. ನಿರುದ್ಯೋಗವೇ ಕಾರಣವೆಂದು ದಾಖಲಾದ ಆತ್ಮಹತ್ಯೆಗಳು 2020ರಲ್ಲಿ ದೇಶದಲ್ಲಿ 3,548. ಅವುಗಳಲ್ಲಿ 720 ಕರ್ನಾಟಕದವು, ಯಾವ ರಾಜ್ಯಕ್ಕಿಂತಲೂ ಹೆಚ್ಚು. ಒಂದು ಸಾವಿಗೆ ಒಂದೇ ಕಾರಣ ಇರುವುದಿಲ್ಲ ನಿಜ, ದಾಖಲಿಸುವ ರೀತಿಯೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆದರೂ ಈ ಸಂಖ್ಯೆಯನ್ನು ಓದಿ ಮುಂದಿನ ಪುಟಕ್ಕೆ ಹೋಗುವಂತಿಲ್ಲ.

ಆಗಬೇಕಾದ್ದು

ಬೇಕಿರುವುದು ಕಷ್ಟದ ವಿದ್ಯೆಯಲ್ಲ. ಇಎಸ್‌ಐ ಭತ್ಯೆಗಿರುವ, ಜೀವಮಾನದಲ್ಲಿ ಒಂದೇ ಸಲ ಎಂಬ ಷರತ್ತನ್ನು ತೆಗೆಯಬೇಕು. ಇಂದಿನ ಗುತ್ತಿಗೆ ಯುಗದಲ್ಲಿ ಒಬ್ಬರಿಗೆ ಮೂರು ನಾಲ್ಕು ಸಲ ಕೆಲಸ ಹೋಗುವುದು ಮಾಮೂಲು. ತೊಂಬತ್ತು ದಿನವನ್ನು ಕನಿಷ್ಠ ಆರು ತಿಂಗಳಿಗೆ ಏರಿಸಬೇಕು. ಮಾಲೀಕರು ಚಂದಾ ನಿಲ್ಲಿಸಿದ್ದು ಇಎಸ್‌ಐ ಕಂಪ್ಯೂಟರಿಗೆ ಗೊತ್ತೇ ಇರುತ್ತದೆ. ಆ ತಿಂಗಳೇ ಕಾರ್ಮಿಕರ ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಹೋಗಬೇಕು. ಗುತ್ತಿಗೆ ಕಾರ್ಮಿಕರು, ಮನೆಗೆಲಸದವರು, ಡೆಲಿವರಿ ಹುಡುಗರನ್ನು ಇದರೊಳಗೆ ತರಬೇಕು. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿದೆ. ಪ್ರತಿ ವಹಿವಾಟಿನ ಮೇಲೆ ಸಂಗ್ರಹವಾಗುವ ಕಲ್ಯಾಣ ಶುಲ್ಕದಲ್ಲಿ ಕೆಲಸ ಹೋದ ತಿಂಗಳುಗಳ ಭತ್ಯೆಗೂ ಒಂದು ಪಾಲು ಮೀಸಲಾಗಬೇಕು.

ಓದುಗರಲ್ಲಿ ಒಂದು ಮನವಿ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಕೆಲಸ ಕಳೆದುಕೊಂಡವರಿದ್ದರೆ, ಅವರ ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆಯೇ ನೋಡಿ. ಇದ್ದರೆ ಹತ್ತಿರದ ಇಎಸ್‌ಐ ಶಾಖಾ ಕಚೇರಿಯಲ್ಲಿ ಭತ್ಯೆಯ ಬಗ್ಗೆ ಕೇಳಿ, ಅರ್ಜಿ ಹಾಕಲು ಜೊತೆಗೆ ಹೋಗಿ. ಬಿಪಿ, ಶುಗರ್ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತವೆ, ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ, ನಿಲ್ಲಿಸದಂತೆ ಹೇಳಿ. ಮನಸ್ಸು ಕುಸಿದಿದೆ ಎನಿಸಿದರೆ 14416ಕ್ಕೆ ಕರೆ ಮಾಡಲು ಹೇಳಿ. ಅದು ಟೆಲಿ ಮಾನಸ್, ಹಗಲು ರಾತ್ರಿ ಕನ್ನಡದಲ್ಲೇ ಉಚಿತವಾಗಿ ಮಾತಾಡುವ ಸರ್ಕಾರಿ ಸಹಾಯವಾಣಿ. ಮತ್ತು ಮುಂದಿನ ಸಲ ಮತ ಕೇಳಲು ಬಂದವರನ್ನು ಕೇಳಿ: ಕೆಲಸ ಕೊಡಿಸುವ ಭರವಸೆ ಸರಿ, ಕೆಲಸ ಹೋದ ಮರುತಿಂಗಳು ಈ ಮನೆಗೆ ಏನು ಕೊಡುತ್ತೀರಿ? ಆ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಸಿಗುವ ತನಕ ಕೇಳುತ್ತಲೇ ಇರಬೇಕು.